ದೋಣಿಯನ್ನು ಒಂದೇ ಕಡೆ ಕಟ್ಟಿಡಬಾರದೇ?

ನನ್ನ ಬಳಿ ಸಣ್ಣದೊಂದು ಫೈಬರ್ ದೋಣಿ ಇದೆ ಎಂದು ತಿಳಿದವರೆಲ್ಲ ಕೇಳುವುದು ಇದನ್ನೇ. ಯುಗಾದಿಯ ಹೊತ್ತಿಗೊಮ್ಮೆ, ದಸರಾ ಮುಗಿದ ಮೇಲೊಮ್ಮೆ ಅದನ್ನು ಟ್ರಾಕ್ಟರಿಗೆ ಹೇರಿಕೊಂಡು ಓಡಾಡುತ್ತೀರಲ್ಲ, ಒಂದೇ ಕಡೆ ಕಟ್ಟಿಡಬಾರದೇ? ಅಷ್ಟು ಖರ್ಚು, ಅಷ್ಟು ರಗಳೆ ಯಾಕೆ?

ಕಟ್ಟಿಡಲು ನಮ್ಮಲ್ಲಿ ದಡ ಎಂಬುದು ಒಂದೇ ಕಡೆ ಇರುವುದಿಲ್ಲ. ಕೃಷ್ಣಾ ನದಿಯ ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ 519.60 ಮೀಟರ್, ಸಂಗ್ರಹ ಸುಮಾರು 123 ಟಿಎಂಸಿ. ಕಾಲುವೆಗೆ, ವಿದ್ಯುತ್ತಿಗೆ, ಕುಡಿಯುವುದಕ್ಕೆ ಎಂದು ಬಿಡುತ್ತ ಬಂದಂತೆ ಬೇಸಿಗೆಗೆ ಅದು ಹಲವು ಮೀಟರ್ ಇಳಿಯುತ್ತದೆ. ಮಲೆನಾಡಿನ ಕಡಿದಾದ ಕಣಿವೆಯಲ್ಲಿ ನೀರು ಒಂದು ಮೀಟರ್ ಇಳಿದರೆ ದಡ ಕೆಲವೇ ಹೆಜ್ಜೆ ಹಿಂದೆ ಸರಿದೀತು. ಬಾಗಲಕೋಟೆಯ ಬಯಲಿನಲ್ಲಿ ಹೊಲದ ಹಿಂದೆ ಹೊಲ ಬಯಲಾಗುತ್ತ ಹೋಗುತ್ತದೆ. ಮಾಘದಲ್ಲಿ ದೋಣಿ ತೇಲುತ್ತಿದ್ದ ಜಾಗದಲ್ಲಿ ವೈಶಾಖಕ್ಕೆ ಎತ್ತು ನಿಂತಿರುತ್ತವೆ.

ಚಳಿಗಾಲದಲ್ಲಿ ನನ್ನ ದೋಣಿ ಇರುವುದು ಅನಗವಾಡಿಯ ಕಡೆ, ಘಟಪ್ರಭೆಯ ಹಿನ್ನೀರಿನಲ್ಲಿ. ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುವುದು ಆಗಲೇ. ಅವುಗಳನ್ನು ನೋಡುವುದಕ್ಕೆಂದೇ ನಾನು ದೋಣಿ ಇಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲಿ ಕೃಷ್ಣೆಯ ಮುಖ್ಯ ಪಾತ್ರದಲ್ಲಿ, ಕೊರ್ತಿ-ಕೊಲ್ಹಾರ ಸೇತುವೆಯ ಆಸುಪಾಸಿನಲ್ಲಿ ಇಡುತ್ತೇನೆ. ಉಳಿದೆಡೆ ನೀರು ಸರಿದರೂ ಅಲ್ಲಿ ದೋಣಿ ತೇಲುವಷ್ಟು ಆಳ ಉಳಿದಿರುತ್ತದೆ.

ಕಷ್ಟದ ಕೆಲಸವೆಂದರೆ ಯುಗಾದಿಯ ಸಾಗಣೆ. ಶಿವರಾತ್ರಿ ಕಳೆದ ಮೇಲೆ ನೀರಿನಲ್ಲಿ ನೆಟ್ಟ ಗಳವನ್ನು ನೋಡುತ್ತಲೇ ಇರಬೇಕು. ದೋಣಿಯ ಹಿಂಭಾಗದಲ್ಲಿ ನೀರು ಮೊಣಕಾಲಿಗೆ ಬಂತೆಂದರೆ ತಡಮಾಡುವಂತಿಲ್ಲ, ಟ್ರಾಕ್ಟರಿಗೆ ಹೇಳಿಬಿಡಬೇಕು. ನೀರು ಸರಿದ ಎರೆಮಣ್ಣು ನೋಡುವವರನ್ನು ಮೋಸಗೊಳಿಸುತ್ತದೆ. ಮೇಲೆ ಬಿಸಿಲಿಗೆ ಒಣಗಿ, ಬಿರುಕು ಬಿಟ್ಟು, ಕಾಲಿಟ್ಟರೆ ಗಟ್ಟಿ ಎನಿಸುತ್ತದೆ. ಅದೇ ಬಿರುಕಿಗೆ ಕೋಲು ಚುಚ್ಚಿ ನೋಡಿ, ಗೇಣುದ್ದ ಇಳಿದ ಮೇಲೆ ತುದಿಗೆ ಕಪ್ಪು ಅರಲು ಮೆತ್ತಿಕೊಂಡು ಬರುತ್ತದೆ. ಟ್ರಾಕ್ಟರಿನ ಹಿಂದಿನ ಗಾಲಿ ಹೂತರೆ ಅದನ್ನು ಎಳೆಯಲು ಇನ್ನೊಂದು ಟ್ರಾಕ್ಟರ್ ಬೇಕು. ಆದ್ದರಿಂದ ನಾನು ಆರಿಸಿಕೊಂಡಿರುವುದು ಮುಳುಗಡೆಯಾದ ಊರಿಗೆ ಹೋಗುತ್ತಿದ್ದ ಹಳೆಯ ಡಾಂಬರು ರಸ್ತೆಯ ತುದಿಯನ್ನು. ಡಾಂಬರು ಎದ್ದುಹೋಗಿದ್ದರೂ ಕೆಳಗಿನ ಜಲ್ಲಿ ಗಟ್ಟಿಯಾಗಿದೆ. ಮನೆ ಬಿಟ್ಟು ಹೊರಟವರ ಸಾಮಾನಿನ ಗಾಡಿಗಳು ಇದೇ ರಸ್ತೆಯಲ್ಲಿ ಬಂದಿದ್ದವು. ಅಲ್ಲಿ ದೋಣಿ ಇಳಿಸುವಾಗ ಗಲಾಟೆ ಮಾಡಲು, ಹಾಡು ಹಚ್ಚಲು ನನಗೆ ಮನಸ್ಸು ಬರುವುದಿಲ್ಲ. ಪಕ್ಕದ ಬಯಲಾದ ನೆಲದಲ್ಲಿ ಯಾರಾದರೂ ಬಿತ್ತಿದ್ದರೆ ಮೊದಲು ಅವರ ಮನೆಗೆ ಹೋಗಿ ದಾರಿ ಕೇಳಬೇಕು. ಅದು ಕೃಷ್ಣಾ ಭಾಗ್ಯ ಜಲ ನಿಗಮದ ಜಮೀನು ಎಂದು ವಾದಿಸುವವರಿದ್ದಾರೆ. ಬೀಜ ಹಾಕಿದವರ ಶ್ರಮದ ಮೇಲೆ ಗಾಲಿ ಹತ್ತಿಸುವುದು ನನಗಂತೂ ಸರಿ ಕಾಣುವುದಿಲ್ಲ.

ನೀರಿನ ಮೇಲೆಯೇ ಹೋಗಬಹುದಲ್ಲ ಎನ್ನುತ್ತಾರೆ. ನಕ್ಷೆಯ ಪ್ರಕಾರ ಹೌದು. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ, ಅಲ್ಲಿಂದ ಮೇಲಕ್ಕೆ ತಿರುಗಿದರೆ ಕೊರ್ತಿ. ಆದರೆ ಇಳಿಯುತ್ತಿರುವ ನೀರಿನಲ್ಲಿ ಜಾಲಿಯ ಬೊಡ್ಡೆ, ಹಳೆಯ ಗೋಡೆ, ಪಂಪ್‌ಸೆಟ್ಟಿನ ಪೈಪು ಎಲ್ಲವೂ ಅಂಗೈಯಷ್ಟು ಆಳದಲ್ಲಿ ಅಡಗಿರುತ್ತವೆ. ಮೀನುಗಾರರ ಬಲೆಗಳೂ ಇರುತ್ತವೆ. ಮೋಟಾರಿನ ರೆಕ್ಕೆಗೆ ಸಿಕ್ಕಿ ಒಂದು ಬಲೆ ಹರಿದರೆ ಒಂದು ಮನೆಯ ವಾರದ ಗಳಿಕೆ ಹೋಯಿತು. ಅದಕ್ಕಿಂತ ಟ್ರಾಕ್ಟರಿನ ಬಾಡಿಗೆ ಅಗ್ಗ.

ಹೇರುವಾಗ ಟ್ರಾಲಿಯಲ್ಲಿ ಹಳೆಯ ಟೈರು, ಅದರ ಮೇಲೆ ಜೋಳದ ಕಣಿಕೆಯ ಹಾಸು. ಭಾರವೆಲ್ಲ ದೋಣಿಯ ನಡುಬೆನ್ನಿನ ಮೇಲೆ ಕೂರಬೇಕು, ಪಕ್ಕೆಯ ಮೇಲೆ ಬಿದ್ದರೆ ಫೈಬರ್ ಸೀಳುತ್ತದೆ. ಮೋಟಾರನ್ನು ಹಿಂಬದಿಗೆ ನೇತುಹಾಕಿಕೊಂಡು ನಮ್ಮ ರಸ್ತೆಗಳಲ್ಲಿ ಹೋಗಲೇಬಾರದು. ಬಿಚ್ಚಿ, ಒಳಗಿನ ನೀರು ಪೂರ್ತಿ ಬಸಿಯಲು ಬಿಟ್ಟು, ತಯಾರಕರು ಗುರುತು ಮಾಡಿದ ಮಗ್ಗುಲಿಗೇ ಮಲಗಿಸಬೇಕು. ನಾಲ್ಕು ಸ್ಟ್ರೋಕಿನ ಮೋಟಾರನ್ನು ತಪ್ಪು ಮಗ್ಗುಲಿಗೆ ಮಲಗಿಸಿದರೆ ಎಣ್ಣೆ ಸಿಲಿಂಡರಿಗೆ ಇಳಿಯುತ್ತದೆ. ತಳದ ಬಿರಡೆ ತೆಗೆದಿಟ್ಟರೆ ಮಳೆ ಬಂದರೂ ನೀರು ಹರಿದುಹೋಗುತ್ತದೆ. ಆ ಬಿರಡೆಯನ್ನು ಮೋಟಾರಿನ ಕೀಲಿಕೈಗೇ ಕಟ್ಟಿಡಿ, ಹಾಕದೆ ನೀರಿಗೆ ಇಳಿಸುವ ಪ್ರಮೇಯವೇ ಬರುವುದಿಲ್ಲ.

ಜೂನ್ ಹತ್ತಿರ ಬಂದಂತೆ ಕೊರ್ತಿಯಲ್ಲೂ ದೋಣಿಯನ್ನು ದಡದ ಮೇಲಕ್ಕೆ, ತುಂಬಿದ ಮಟ್ಟದ ಗುರುತಿಗಿಂತ ಮೇಲಕ್ಕೆ ಎಳೆದು ಮಗುಚಿ ಹಾಕುತ್ತೇನೆ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ, ಏಕೆಂದರೆ ಆಗ ಇಲ್ಲಿ ಮಳೆಯೇ ಇರದಿರಬಹುದು. ಮಳೆ ಬೀಳುವುದು ನದಿಯ ಮೇಲ್ಗಡೆ, ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ, ಕೊಯ್ನಾದಲ್ಲಿ. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕೆಂಪು ನೀರು ಬಂದು ಮಟ್ಟ ಏರುತ್ತದೆ. ಗಿಡ್ಡ ಹಗ್ಗಕ್ಕೆ ಕಟ್ಟಿದ ದೋಣಿಯ ಮೂತಿಯನ್ನು ಏರುವ ನೀರು ಹಿಡಿದು ಮುಳುಗಿಸುತ್ತದೆ. ಮೋಟಾರು ತಂಪಾಗಲು ಎಳೆದುಕೊಳ್ಳುವುದೂ ಅದೇ ನೀರನ್ನು. ಆ ರಾಡಿ ಪಂಪಿನ ರಬ್ಬರು ಚಕ್ರವನ್ನು ತಿಂದುಹಾಕುತ್ತದೆ.

ದಸರಾದ ಸಾಗಣೆ ಸುಲಭ. ನೀರು ರಸ್ತೆಯ ಅಂಚಿನವರೆಗೂ ಬಂದಿರುತ್ತದೆ. ಗಮನಿಸಬೇಕಾದದ್ದು ಸಕ್ಕರೆ ಕಾರ್ಖಾನೆಗಳನ್ನು ಮಾತ್ರ. ಕಬ್ಬು ನುರಿಸುವುದು ಶುರುವಾಯಿತೆಂದರೆ ಬಾಡಿಗೆಗೆ ಟ್ರಾಕ್ಟರ್ ಸಿಗುವುದಿಲ್ಲ, ಸಿಕ್ಕರೂ ಜೋಡಿ ಟ್ರಾಲಿಗಳ ಸಾಲಿನ ನಡುವೆ ದೋಣಿ ಒಯ್ಯುವುದು ಅಪಾಯ. ಅದಕ್ಕೇ ಬನ್ನಿ ಕೊಟ್ಟ ಮರುವಾರವೇ, ಬೆಳಗಿನ ಜಾವ ಹೊರಡುತ್ತೇನೆ.

ಮೋಟಾರಿದ್ದರೆ ನೋಂದಣಿ ಬೇಕು. 2021ರ ಒಳನಾಡು ಹಡಗುಗಳ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಕಾಗದ ಜೊತೆಗಿಟ್ಟುಕೊಳ್ಳಿ.

ಅಣೆಕಟ್ಟೆಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ರಾಜ್ಯಗಳ ನಡುವೆ ನದಿ ನೀರು ಹಂಚುವ ಕೃಷ್ಣಾ ಎರಡನೇ ನ್ಯಾಯಾಧಿಕರಣ ಒಪ್ಪಿದೆ. ಅದು ಜಾರಿಗೆ ಬಂದರೆ ಇನ್ನಷ್ಟು ಹೊಲ, ಇನ್ನಷ್ಟು ಮನೆ ನೀರಿಗೆ ಹೋಗುತ್ತವೆ. ಅವರಿಗೆ ನ್ಯಾಯವಾದ ಪರಿಹಾರ ಮೊದಲು ಕೈಸೇರಲಿ. ನನ್ನ ದೋಣಿಗೆ ಬೇರೆ ರಸ್ತೆಯ ತುದಿ ಹುಡುಕುವ ಕೆಲಸ ಆಮೇಲಿನದು.