ದಯವಿಟ್ಟು ಮುಟ್ಟಬೇಡಿ

ನಾಲ್ಕು ದಿನದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಇಲ್ಲೂ ಮುಟ್ಟಬಾರದಂತ ನೋಡು." ಹೇಳಿದ್ದು ಅವ್ವ. ಹೇಳಿ ನಕ್ಕಳು ಬೇರೆ.

ಮಗಳ ಗೆಳತಿಯೊಬ್ಬಳು ಚಿತ್ರಕಲೆ ಓದುತ್ತಾಳೆ. ಅವಳೂ ಜೊತೆಯ ಹುಡುಗಿಯರೂ ಸೇರಿ ಧಾರವಾಡದಲ್ಲಿ, ವಿಶ್ವವಿದ್ಯಾಲಯದ ಗ್ಯಾಲರಿಯಲ್ಲಿ ಪ್ರದರ್ಶನ ಇಟ್ಟಿದ್ದರು. ಹೆಣ್ಣಿನ ಮೈ, ಮನೆಯ ದೇವರು, ಬೆಳೆಸಿದ ರೀತಿ, ಇದರ ಸುತ್ತಲೇ ಎಲ್ಲ. ಅವ್ವನನ್ನು ಕರೆದೊಯ್ಯುವ ಯೋಚನೆ ನನಗಿರಲಿಲ್ಲ. "ಮನ್ಯಾಗ ಒಬ್ಬಾಕಿನ ಕುಂತು ಏನ್ ಮಾಡ್ಲಿ" ಅಂತ ತಾನೇ ಸೀರೆ ಉಟ್ಟು ನಿಂತಳು. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ಸು ಹತ್ತಿದಾಗಿನಿಂದ ನನಗೆ ಒಂದೇ ಚಿಂತೆ. ಬೆತ್ತಲೆ ಚಿತ್ರ ಇದ್ದರೆ 72ರ ಅವ್ವನ ಪಕ್ಕ ಹೇಗೆ ನಿಲ್ಲುವುದು?

ಇದ್ದವು. ಬಾಗಿಲಲ್ಲೇ ಮಣ್ಣಿನ ಲಜ್ಜಾಗೌರಿ. ಅದರ ಮುಂದೆ ಇಬ್ಬರು ರಿಟೈರ್ಡ್ ಹಿರಿಯರು ನಿಂತು, "ನಮ್ಮ ಸಂಸ್ಕೃತಿಯೊಳಗ ಇದೆಲ್ಲಾ ಎಲ್ಲಿತ್ರೀ" ಅನ್ನುತ್ತಿದ್ದರು. ಬಾದಾಮಿಯ ಮ್ಯೂಸಿಯಂ ನೋಡಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಚಾಲುಕ್ಯರ ಕಾಲದ ಕಲ್ಲಿನ ಲಜ್ಜಾಗೌರಿ ಅಲ್ಲೇ ಇದ್ದಾಳೆ. ಹೆರಿಗೆಗೆ ಕೂತ ಮೈ, ತಲೆ ಇರಬೇಕಾದಲ್ಲಿ ತಾವರೆ. ಐಹೊಳೆ ಹತ್ತಿರದ ಸಿದ್ಧನಕೊಳ್ಳದಲ್ಲಂತೂ ಮಕ್ಕಳಾಗಲಿ ಅಂತ ಇವತ್ತಿಗೂ ಅವಳಿಗೆ ಹರಕೆ ಹೊರುತ್ತಾರೆ. ಇದನ್ನು ಅವರಿಗೆ ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ. ಅಷ್ಟರಲ್ಲಿ ಅವ್ವ ಚಪ್ಪಲಿ ಬಿಟ್ಟು ಕೈ ಮುಗಿದಿದ್ದಳು. "ಇಂಥಾಕಿ ಹಂತ್ಯಾಕನ ಬೇಡಿಕೊಂಡಿದ್ದೆ ನಿನ್ನ." ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ!

ಮುಂದೆ ನೆಲದ ಮೇಲೆ ಎರಡು ರಾಶಿ ಹಸಿರು ಬಳೆ. ಒಂದು ಚೂರು, ಒಂದು ಇಡಿಯಾದ್ದು. ಸವದತ್ತಿ ಎಲ್ಲಮ್ಮನಿಗೆ ಹೊಸ್ತಿಲ ಹುಣ್ಣಿಮೆಗೆ ಬಳೆ ಒಡೆಯುತ್ತಾರಲ್ಲ, ಭಾರತ ಹುಣ್ಣಿಮೆಗೆ ಮತ್ತೆ ತೊಡಿಸುತ್ತಾರಲ್ಲ, ಅದು. ಅವ್ವ ಅಲ್ಲಿ ಹೆಚ್ಚು ನಿಲ್ಲಲಿಲ್ಲ. "ಆಕಿಗೆ ಎರಡ ತಿಂಗಳಿಗೆ ವಾಪಸ್ ಬರ್ತಾವ" ಅಂದು ಮುಂದೆ ನಡೆದಳು. ಅಪ್ಪ ಹೋಗಿ ಆರು ವರ್ಷ.

ಮೂಲೆಯಲ್ಲಿದ್ದದ್ದು ಮಗಳ ಗೆಳತಿಯದು. ಚಾಪೆ, ಮಡಚಿದ ಕೌದಿ, ಸ್ಟೀಲಿನ ತಾಟು, ತಂಬಿಗೆ. ಗೋಡೆಗೆ ಕ್ಯಾಲೆಂಡರ್, ತಿಂಗಳಿಗೆ ಮೂರು ಮನೆ ಕೆಂಪು. ಪಕ್ಕದಲ್ಲಿ ಒಂದು ಬೋರ್ಡು: ದಯವಿಟ್ಟು ಮುಟ್ಟಬೇಡಿ.

ಅವ್ವ ಅಕ್ಷರ ಕೂಡಿಸಿ ಓದಿದಳು. ಮೂಲೆ ನೋಡಿದಳು. ಮತ್ತೆ ಬೋರ್ಡು ನೋಡಿದಳು. ಆಗಲೇ ಆ ಮಾತು ಬಂದದ್ದು. ಹುಡುಗಿಯ ಮುಖ ಕೆಂಪಾಯಿತು. "ಅದು ನಂದಲ್ಲ ಅಜ್ಜಿ, ಗ್ಯಾಲರಿಯವರು ಎಲ್ಲಾದಕ್ಕೂ ಹಚ್ಯಾರ."

"ಹಂಗಾರ ಮುಟ್ಲೇನು?"

"ಮುಟ್ರಿ ಅಜ್ಜಿ."

ಅವ್ವ ಸೊಂಟ ಹಿಡಿದು ಬಗ್ಗಿ ತಾಟು ಎತ್ತಿಕೊಂಡಳು. "ನಮ್ಮನ್ಯಾಗಿಂದು ಸ್ಟೀಲ್ ಅಲ್ಲ, ಜರ್ಮನ್ ತಾಟು. ಉಂಡು, ತೊಳದು, ಹಿಂಗ ಡಬ್ಬ ಹಾಕಬೇಕಿತ್ತು. ಇಲ್ಲಾಂದ್ರ ಅತ್ತಿ ಬೈತಿದ್ಲು." ತಾಟು ಡಬ್ಬ ಹಾಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಹುಡುಗಿ ಅದನ್ನು ಹಾಗೇ ಬಿಟ್ಟಳು. ಜಾಣೆ. ಉದ್ಘಾಟನೆ ಮಾಡಿದ ದೊಡ್ಡವರು ಮೈಕ್ ಮುಂದೆ ಮುಕ್ಕಾಲು ತಾಸು ಮಾತಾಡಿದರಂತೆ. 'ಮುಟ್ಟು' ಅನ್ನುವ ಶಬ್ದ ಒಂದು ಸಲವೂ ಬರಲಿಲ್ಲವಂತೆ.

ನಮ್ಮದು ಲಿಂಗ ಕಟ್ಟಿದ ಮನೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಐದೂ ಸೂತಕ ಇಲ್ಲ ಅಂತ ಶರಣರು 12ನೇ ಶತಮಾನದಲ್ಲೇ ಹೇಳಿಬಿಟ್ಟರು. ದೇವರ ಜಗಲಿಯ ಮೇಲೆ ಬಸವಣ್ಣನ ಫೋಟೋ, ಅಕ್ಕಮಹಾದೇವಿಯ ಫೋಟೋ ಎರಡೂ ಇದ್ದವು. ಅವ್ವ ಮಾತ್ರ ಆ ಮೂರು ದಿನ ಜಗಲಿ ಇದ್ದ ಕೋಣೆಗೆ ಕಾಲಿಡುತ್ತಿರಲಿಲ್ಲ. ಲಿಂಗ ಆಗಲೂ ಅವಳ ಕೊರಳಲ್ಲೇ ಇತ್ತು, ಎದೆಗೆ ತಾಗಿಕೊಂಡು. ಕೊರಳಿಗೆ ಇಲ್ಲದ ಮೈಲಿಗೆ ಜಗಲಿಗೆ ಎಲ್ಲಿಂದ ಬಂತು ಅಂತ ನಾನು 15 ವರ್ಷದವಳಿದ್ದಾಗ ಕೇಳಿದ್ದೆ. "ಜಾಸ್ತಿ ಮಾತಾಡಬ್ಯಾಡ" ಅಂದಿದ್ದಳು.

ಆ ಸಿಟ್ಟು ಬಹಳ ವರ್ಷ ಅವ್ವನ ಮೇಲೇ ಇತ್ತು. ಯಾಕಂದರೆ ನನಗೆ ಯಾವ ಸ್ವಾಮಿಗಳೂ ಬಂದು ಹೊರಗೆ ಕೂರು ಅನ್ನಲಿಲ್ಲ. ಅಪ್ಪನಂತೂ ಪೇಪರಿನಿಂದ ತಲೆಯನ್ನೇ ಎತ್ತುತ್ತಿರಲಿಲ್ಲ. ಹೇಳಿದ್ದೆಲ್ಲ ಅವ್ವ, ಅದೂ ಪಿಸುಮಾತಿನಲ್ಲಿ, ಬಾಗಿಲ ಸಂದಿಯಿಂದ. ಅವಳಿಗೆ ಅವಳ ಅತ್ತೆ. ಪೇಪರಿನ ಹಿಂದೆ ಕೂತವರಿಗೆ ಎಷ್ಟು ಆರಾಮ ಅಲ್ವಾ, ಬೈಗುಳ ಒಂದೂ ಅವರ ಪಾಲಿಗಿಲ್ಲ. ನಾನೇನು ಕಡಿಮೆ? ಮಗಳಿಗೆ ಜಗಲಿಯ ಕಟ್ಟಳೆ ಹಾಕಲಿಲ್ಲ, ನಿಜ. ಆದರೆ ಮೆಡಿಕಲ್ ಶಾಪಿನವನು ಪ್ಯಾಡಿಗೆ ಪೇಪರ್ ಸುತ್ತಿ ಕರಿ ಚೀಲಕ್ಕೆ ಹಾಕಿಕೊಟ್ಟರೆ ಸುಮ್ನೆ ಇಸಿದುಕೊಂಡು ಬರುತ್ತೇನೆ. ಹೋದ ಶ್ರಾವಣದಲ್ಲಿ ಮನೆಗೆ ಜಂಗಮರು ಬಂದ ದಿನ, "ನೀ ಇವತ್ತ ಸ್ವಲ್ಪ ರೂಮಿನ್ಯಾಗ ಇರು" ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ವಾಪಸು ಬರುವಾಗ ಅವ್ವ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. ನವನಗರ ದಾಟಿದ ಮೇಲೆ ಕೇಳಿದಳು, "ತಿಂಗಳಿಗೆ ಮೂರು ಅಂದ್ರ ವರ್ಷಕ್ಕ 36. ಬಸರು, ಬಾಣಂತನ ತಗದು 30 ವರ್ಷ ಹಿಡಿ. ಎಷ್ಟಾತು?"

ಮೊಬೈಲಿನಲ್ಲಿ ಲೆಕ್ಕ ಹಾಕಿದೆ. 1080 ದಿನ.

"ಅಂದ್ರ?"

"ಮೂರು ವರ್ಷಕ್ಕ 15 ದಿನ ಕಮ್ಮಿ."

"ಅಷ್ಟ ದಿನ ಆ ಮೂಲ್ಯಾಗ ಕುಂತಿದ್ನೇನು?" ಅಂದಳು. ಆಮೇಲೆ ಹುಬ್ಬಳ್ಳಿ ಬರುವವರೆಗೆ ಕಿಟಕಿ ಹೊರಗೆ ನೋಡುತ್ತಿದ್ದಳು. ಸಿಟ್ಟೋ ಬೇಜಾರೋ ನನಗೆ ತಿಳಿಯಲಿಲ್ಲ.

ರಾತ್ರಿ ರೊಟ್ಟಿ ಉಂಡಾದ ಮೇಲೆ ಅವ್ವ ತನ್ನ ತಾಟು ತಾನೇ ತೊಳೆದಳು. ಕಟ್ಟೆಯ ತುದಿಗೆ, ಬೇರೆ ಪಾತ್ರೆಗಳಿಂದ ಒಂದು ಗೇಣು ಆಚೆ, ಡಬ್ಬ ಹಾಕಿಟ್ಟಳು. ದಿನಾ ಹಾಗೇ ಇಡುತ್ತಾಳೆ. ನಾನು ನೋಡಿದ್ದು ಅವತ್ತು.

"ಅವ್ವಾ, ತಾಟು ಯಾಕ ಡಬ್ಬ ಹಾಕ್ತಿ?"

"ನೀರ ಇಳೀಲಿ ಅಂತ. ಮತ್ಯಾಕ?"