ಗಿಲಾವು ಕಾಣದ ಗೋಡೆಗಳು

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಗಿಲಾವಿಲ್ಲದ ಇಟ್ಟಿಗೆ ಗೋಡೆ ಕಂಡರೆ, ಕಟ್ಟಿಸುವವರ ಹಣ ಮುಗಿದಿದೆ ಎಂದೇ ದಾರಿಹೋಕರು ತೀರ್ಮಾನಿಸುತ್ತಾರೆ. ಹರಿಹರದ ಹೊಳೆದಂಡೆಯ ಭಟ್ಟಿಗಳಿಂದ ಬರುವ ಇಟ್ಟಿಗೆ ನಮಗೆ ಗೋಡೆಯ ಒಳಗೆ ಅಡಗಿರಬೇಕಾದ ಸರಕು. ಹೊರಗೆ ಕಾಣಬೇಕಾದದ್ದು ಗಿಲಾವು, ಪುಟ್ಟಿ ಮತ್ತು ಬಣ್ಣ. ಅದಕ್ಕೇ ಇರಬೇಕು, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲಿ ಕಟ್ಟಿದ ಇಟ್ಟಿಗೆ ಚರ್ಚುಗಳ ನಕ್ಷೆ ಮತ್ತು ಚಿತ್ರಗಳನ್ನು ನೋಡುವಾಗ ನನ್ನ ಕಣ್ಣು ಗೋಪುರಕ್ಕಿಂತ ಮೊದಲು ಗೋಡೆಯ ಮೇಲೆ ನಿಲ್ಲುತ್ತದೆ. ಅಲ್ಲಿ ಅಲಂಕಾರವನ್ನು ಕಟ್ಟಡ ಮುಗಿದ ಮೇಲೆ ಹಚ್ಚಿಲ್ಲ. ಇಟ್ಟಿಗೆಯ ಒಂದೊಂದು ವರಸೆ, ಅಂದರೆ ಸಾಲು, ಏರಿದಂತೆ ಅದೂ ಏರಿದೆ.

ಇಂಗ್ಲೆಂಡಿನಲ್ಲೂ ಇಟ್ಟಿಗೆಗೆ ಈ ಮರ್ಯಾದೆ ತಾನಾಗಿ ಬರಲಿಲ್ಲ. 1784ರಲ್ಲಿ ಅಮೆರಿಕದ ಯುದ್ಧದ ಖರ್ಚನ್ನು ತುಂಬಿಕೊಳ್ಳಲು ಅಲ್ಲಿನ ಸರ್ಕಾರ ಇಟ್ಟಿಗೆಯ ಮೇಲೆ ಸಾವಿರಕ್ಕೆ ಇಷ್ಟೆಂದು ತೆರಿಗೆ ಹಾಕಿತು. ಎಣಿಕೆಯ ಮೇಲೆ ತೆರಿಗೆಯಾದ್ದರಿಂದ ಕೆಲವರು ಇಟ್ಟಿಗೆಯ ಗಾತ್ರವನ್ನೇ ಹಿಗ್ಗಿಸಿದರು, ಸರ್ಕಾರ ದೊಡ್ಡ ಇಟ್ಟಿಗೆಗೆ ಹೆಚ್ಚಿನ ದರ ವಿಧಿಸಿ ಆ ದಾರಿಯನ್ನೂ ಮುಚ್ಚಿತು. ಈ ಕತೆ ನಮ್ಮ ಗುತ್ತಿಗೆದಾರರಿಗೆ ಅಪರಿಚಿತ ಎನಿಸಲಾರದು. 1850ರಲ್ಲಿ ಆ ತೆರಿಗೆ ರದ್ದಾಯಿತು. ಅಷ್ಟು ಹೊತ್ತಿಗೆ ರೈಲು ದೂರದೂರದ ಇಟ್ಟಿಗೆಯನ್ನೂ ವೇಲ್ಸ್‌ನ ಸ್ಲೇಟನ್ನೂ ಹಳ್ಳಿಗಳ ಸಮೀಪಕ್ಕೆ ತರತೊಡಗಿತ್ತು.

ಅದಕ್ಕೂ ಮೊದಲೇ, 1841ರಲ್ಲಿ, ವಾಸ್ತುಶಿಲ್ಪಿ ಪ್ಯುಜಿನ್ ಅಲಂಕಾರವೆನ್ನುವುದು ಕಟ್ಟಡದ ಅಗತ್ಯ ರಚನೆಯನ್ನೇ ಸಿಂಗರಿಸಬೇಕೆಂಬ ವಾದವನ್ನು ಮುಂದಿಟ್ಟಿದ್ದ. ನಮಗೆ ಇದು ಹೊಸ ಮಾತಲ್ಲ: 1224ರ ಹರಿಹರೇಶ್ವರ ದೇವಾಲಯದ ಕಂಬಗಳಿಗಾಗಲಿ ಚಿತ್ರದುರ್ಗದ ಕಲ್ಲಿನ ಕೋಟೆಗಾಗಲಿ ಗಿಲಾವು ಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಕಲ್ಲಿಗೆ ಒಪ್ಪಿದ ಈ ನಿಯಮವನ್ನು ಇಟ್ಟಿಗೆಗೂ ಅನ್ವಯಿಸುವ ಧೈರ್ಯವನ್ನು ಪೂರ್ಣವಾಗಿ ತೋರಿಸಿದವನು ವಿಲಿಯಂ ಬಟರ್‌ಫೀಲ್ಡ್. ಲಂಡನ್ನಿನ ಮಾರ್ಗರೆಟ್ ಬೀದಿಯಲ್ಲಿ 1850ರಲ್ಲಿ ಆರಂಭವಾಗಿ 1859ರಲ್ಲಿ ಪ್ರತಿಷ್ಠಾಪನೆಗೊಂಡ ಆಲ್ ಸೇಂಟ್ಸ್ ಚರ್ಚಿನಲ್ಲಿ ಅವನು ಕೆಂಪು ಇಟ್ಟಿಗೆಯ ನಡುವೆ ಕಪ್ಪು ಪಟ್ಟಿಗಳನ್ನು ಕೂರಿಸಿದ. ಅಗ್ಗವೆಂದು ಇಟ್ಟಿಗೆಯನ್ನು ಆರಿಸಿಕೊಂಡನೆಂದು ಯಾರೂ ಹೇಳುವಂತಿಲ್ಲ.

ಹಳ್ಳಿಗಾಡಿಗೆ ಈ ರೀತಿ ಬೇಗನೆ ಹರಡಿತು. ಇಟಲಿಯ ಉತ್ತರ ಭಾಗದ ಇಟ್ಟಿಗೆ ಕಟ್ಟಡಗಳನ್ನು ಸುತ್ತಾಡಿ ಅಭ್ಯಾಸ ಮಾಡಿ, ಅದನ್ನು 1855ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಜಾರ್ಜ್ ಎಡ್ಮಂಡ್ ಸ್ಟ್ರೀಟ್, ಅದೇ ವರ್ಷಗಳಲ್ಲಿ ಬರ್ಕ್‌ಷೈರಿನ ಮೇಡನ್‌ಹೆಡ್ ಪಟ್ಟಣದ ಅಂಚಿನ ಬಾಯ್ನ್ ಹಿಲ್‌ನಲ್ಲಿ ಕೆಂಪು ಇಟ್ಟಿಗೆಗೆ ಕಲ್ಲಿನ ಪಟ್ಟಿಗಳನ್ನು ಬೆರೆಸಿ ಚರ್ಚು, ಪಾದ್ರಿಯ ಮನೆ ಮತ್ತು ಶಾಲೆಗಳನ್ನು ಒಂದೇ ಗುಂಪಾಗಿ ಕಟ್ಟಿದ. ಅದೇ ಜಿಲ್ಲೆಯ ಲೆಕ್‌ಹ್ಯಾಂಪ್‌ಸ್ಟೆಡ್ ಎಂಬ ಸಣ್ಣ ಊರಿನಲ್ಲಿ ಸ್ಯಾಮ್ಯುಯೆಲ್ ಟ್ಯುಲನ್ ಕಟ್ಟಿದ ಚರ್ಚಿನ ಹೊರಮೈಯಲ್ಲಿ ಚಕಮಕಿ ಕಲ್ಲು ಮತ್ತು ಇಟ್ಟಿಗೆ ಬೆರೆತಿವೆ. ಒಳಗೆ ಬಣ್ಣಬಣ್ಣದ ಇಟ್ಟಿಗೆಗಳ ವಿನ್ಯಾಸಗಳು ಕಮಾನುಗಳ ಸುತ್ತ ಹರಡಿಕೊಂಡಿವೆ.

ನನಗೆ ಎಲ್ಲಕ್ಕಿಂತ ಕುತೂಹಲದ ವಿಷಯವೆಂದರೆ ಇಂಥ ಗೋಡೆ ನಕ್ಷೆಯವನ ಮೇಲೆ ಹೇರುವ ಶಿಸ್ತು. ಇಟ್ಟಿಗೆ ಮತ್ತು ಗಾರೆ ಸೇರಿ ನಾಲ್ಕು ವರಸೆಗೆ ಸುಮಾರು ಒಂದು ಅಡಿ ಎಂದಿಟ್ಟುಕೊಂಡರೆ, ಕಿಟಕಿಯ ತಳ, ಕಮಾನು ಹುಟ್ಟುವ ಮಟ್ಟ, ಬಣ್ಣದ ಪಟ್ಟಿ, ಸೂರಿನ ಅಂಚು, ಇವೆಲ್ಲವೂ ಮೂರು ಅಂಗುಲದ ಗುಣಕಗಳಲ್ಲೇ ಬಂದು ನಿಲ್ಲಬೇಕು. ಗಿಲಾವು ಬೀಳುವ ಗೋಡೆಯಲ್ಲಿ ಅರ್ಧ ಅಂಗುಲದ ತಪ್ಪನ್ನು ಮೇಸ್ತ್ರಿ ಕರಣೆಯಿಂದ ಮುಚ್ಚಬಲ್ಲ. ಇಲ್ಲಿ ಆ ಅವಕಾಶವೇ ಇಲ್ಲ. ಜೋಡಣೆಯ ಕ್ರಮವೂ ಚಿತ್ರದಲ್ಲಿ ಪಾಲುದಾರ. ಇಂಗ್ಲಿಷ್ ಬಾಂಡ್‌ನಲ್ಲಿ ಒಂದು ವರಸೆ ಪೂರ್ತಿ ಉದ್ದ ಇಟ್ಟಿಗೆ (ಉದ್ದದ ಬದಿ ಹೊರಗೆ ಕಾಣುವಂತೆ ಇಟ್ಟದ್ದು), ಮುಂದಿನದು ಪೂರ್ತಿ ಅಡ್ಡ ಇಟ್ಟಿಗೆ (ತುದಿ ಮಾತ್ರ ಹೊರಗೆ ಕಾಣುವಂತೆ ಇಟ್ಟದ್ದು) ಆದ್ದರಿಂದ ಅಡ್ಡಪಟ್ಟಿಗಳು ಸಲೀಸಾಗಿ ಬರುತ್ತವೆ. ಪ್ರತಿ ವರಸೆಯಲ್ಲೂ ಉದ್ದ ಮತ್ತು ಅಡ್ಡ ಇಟ್ಟಿಗೆಗಳು ಒಂದಾದ ಮೇಲೊಂದು ಬರುವ ಫ್ಲೆಮಿಶ್ ಬಾಂಡ್‌ನಲ್ಲಿ, ಅಡ್ಡ ಇಟ್ಟಿಗೆಯ ತಲೆಗಳನ್ನು ಮಾತ್ರ ಕಪ್ಪಾಗಿಸಿದರೆ ವಜ್ರಾಕಾರದ ಜಾಲರಿ ತಾನಾಗಿ ಮೂಡುತ್ತದೆ.

ಆ ಕಪ್ಪು ಎಲ್ಲಿಂದ ಬಂತು? ಬೆಂಕಿಗೆ ತೀರ ಹತ್ತಿರವಿದ್ದ ಇಟ್ಟಿಗೆಯ ತುದಿ ಗಾಜುಗಟ್ಟಿ ಕಡುಬಣ್ಣಕ್ಕೆ ತಿರುಗುತ್ತದೆ. ನಮ್ಮ ಭಟ್ಟಿಗಳಲ್ಲೂ ಇಂಥ ಅತಿಯಾಗಿ ಬೆಂದ ಇಟ್ಟಿಗೆ ಸಿಗುತ್ತದೆ, ನಾವು ಅದನ್ನು ಒಡೆದು ನೆಲದಡಿಗೆ ತುಂಬಿಬಿಡುತ್ತೇವೆ. ಮಿಕ್ಕ ಬಣ್ಣಗಳೂ ಜೇಡಿಯ ಗುಣದಿಂದಲೇ ಬರುತ್ತವೆ: ಕಬ್ಬಿಣದ ಅಂಶದಿಂದ ಕೆಂಪು, ಸುಣ್ಣದ ಅಂಶ ಹೆಚ್ಚಿದ್ದರೆ ನಸುಹಳದಿ, ಗಾಳಿಯನ್ನು ಕಡಿಮೆ ಮಾಡಿ ಹೆಚ್ಚಿನ ಶಾಖದಲ್ಲಿ ಸುಟ್ಟರೆ ಸ್ಟಾಫರ್ಡ್‌ಷೈರಿನ ನೀಲಿ. ಆದ್ದರಿಂದಲೇ ಈ ಗೋಡೆಗಳಿಗೆ ಮತ್ತೆ ಬಣ್ಣ ಬಳಿಯುವ ಪ್ರಶ್ನೆಯೇ ಏಳುವುದಿಲ್ಲ.

ಹಾಗೆಂದು ಎಲ್ಲವನ್ನೂ ಮೆಚ್ಚಲಾರೆ. ಕೆಲವು ಚರ್ಚುಗಳ ಒಳಗೆ ಪಟ್ಟಿ, ಜಾಲರಿ, ನೆಲದ ಚಿತ್ರಿತ ಹೆಂಚು ಮತ್ತು ಬಣ್ಣದ ಗಾಜು ಒಂದರ ಮೇಲೊಂದು ಮುಗಿಬಿದ್ದು ಕಣ್ಣಿಗೆ ವಿಶ್ರಾಂತಿಯನ್ನೇ ಕೊಡುವುದಿಲ್ಲ. ಇಟ್ಟಿಗೆಗೆ ಅದರದ್ದೇ ಮಿತಿಗಳೂ ಇವೆ. ಕಿಟಕಿಯೊಳಗಿನ ತೆಳುವಾದ ಜಾಲಂಧ್ರವನ್ನು ಅದರಲ್ಲಿ ಕೊರೆಯಲಾಗದ ಕಾರಣ ಅಲ್ಲಿಗೆ ಕಲ್ಲನ್ನೇ ತರಬೇಕಾಗುತ್ತಿತ್ತು. ನನಗೆ ಹೆಚ್ಚು ಹಿಡಿಸಿದ್ದು ಯಾರ್ಕ್‌ಷೈರಿನ ಬಾಲ್ಡರ್ಸ್‌ಬಿಯಲ್ಲಿ ಬಟರ್‌ಫೀಲ್ಡ್ 1850ರ ದಶಕದಲ್ಲಿ ಕಟ್ಟಿದ ಚರ್ಚು: ಹೊರಗೆ ಗಂಭೀರವಾದ ಕಲ್ಲು, ಬಾಗಿಲು ದಾಟಿದರೆ ಇಟ್ಟಿಗೆ.

ಇದನ್ನು ಹಾಗೆಯೇ ಇಲ್ಲಿಗೆ ತರಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆ ಗೋಡೆಗಳು ಇಷ್ಟು ಕಾಲ ಬಾಳಿದ್ದರಲ್ಲಿ ಸುಣ್ಣದ ಗಾರೆಯ ಪಾತ್ರ ದೊಡ್ಡದು. ಅದು ಇಟ್ಟಿಗೆಗಿಂತ ಮೆದುವಾಗಿದ್ದು ತೇವವನ್ನು ತನ್ನ ಮೂಲಕ ಹೊರಬಿಡುತ್ತದೆ. ಮುಂದಿನ ಕಾಲದಲ್ಲಿ ಸಂದುಗಳಿಗೆ ಗಟ್ಟಿ ಸಿಮೆಂಟ್ ತುಂಬಿದ ಕಡೆಗಳಲ್ಲಿ, ಒಳಗೆ ಸಿಕ್ಕಿಬಿದ್ದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಡಿಸಿದೆ. ನಮ್ಮಲ್ಲಿ ಹಿಮವಿಲ್ಲ, ಆದರೆ ನಾಟಿ ಇಟ್ಟಿಗೆ ನೀರನ್ನು ಹೆಚ್ಚು ಹೀರುತ್ತದೆ, ಉಪ್ಪು ಬಿಳಿಯಾಗಿ ಹೊರಬರುತ್ತದೆ, ಒಂದೇ ಲೋಡಿನ ಎರಡು ಇಟ್ಟಿಗೆಗಳ ಅಳತೆಯೂ ಹೊಂದುವುದಿಲ್ಲ. ಹಾಗಾಗಿ ನಮ್ಮವರ ಗಿಲಾವಿನ ಮೋಹವನ್ನು ಬರೀ ಅಜ್ಞಾನವೆಂದು ತಳ್ಳಿಹಾಕಲಾರೆ. ಪ್ರಯತ್ನಿಸುವವರು ಎರಚಲು ತಾಗದ ಪಡಸಾಲೆಯ ಒಳಗೋಡೆಯಿಂದ ಆರಂಭಿಸಲಿ. ಇಟ್ಟಿಗೆಯನ್ನು ಕಟ್ಟುವ ಮೊದಲೇ ಬಣ್ಣ ಮತ್ತು ಅಳತೆ ನೋಡಿ ಬೇರೆ ಬೇರೆ ರಾಶಿ ಮಾಡಿಸಲಿ. ಆ ಆರಿಸುವ ಕೂಲಿಯನ್ನು ಅಂದಾಜು ಪಟ್ಟಿಯಲ್ಲೇ ಸೇರಿಸಿಕೊಳ್ಳಲಿ.