ಲಸಿಕೆ ಒಳ್ಳೆಯದೇ ಆದರೆ ಅದರ ಜಾಹೀರಾತಿಗೇಕೆ ತಕರಾರು?

ಲಸಿಕೆಗಳ ಬಗ್ಗೆ ಬರೆಯುವವರಿಗೆ ಎರಡು ದಿಕ್ಕಿನಿಂದ ಒಂದೇ ಪ್ರಶ್ನೆ ಬರುತ್ತಿರುತ್ತದೆ. ಒಬ್ಬರು ಕೇಳುತ್ತಾರೆ: “ಟಿವಿಯಲ್ಲಿ ಸರ್ಪಸುತ್ತಿನ ಬಗ್ಗೆ ಮತ್ತೆ ಮತ್ತೆ ತೋರಿಸ್ತಾರಲ್ಲ, ಸೋಪು ಮಾರಿದ ಹಾಗೆ ಲಸಿಕೆ ಮಾರೋದು ಸರಿಯಾ? ನಂಬಬಹುದಾ?” ಇನ್ನೊಬ್ಬರು ಕೇಳುತ್ತಾರೆ: “ಲಸಿಕೆ ಒಳ್ಳೇದು ಅಂತ ನೀವೇ ಹೇಳ್ತೀರಿ. ಮತ್ತೆ ಜಾಹೀರಾತಿನ ಮೇಲೆ ಯಾಕೆ ಸಿಟ್ಟು? ಹೇಗೋ ಜನ ಹಾಕಿಸಿಕೊಂಡ್ರೆ ಸಾಕಲ್ವಾ?”

ಇಬ್ಬರಿಗೂ ನನ್ನ ಉತ್ತರ ಒಂದೇ. ಲಸಿಕೆ ಮಾರುವುದು ತಪ್ಪಲ್ಲ, ಮಾರುವಾಗ ಮುಚ್ಚಿಡುವುದು ತಪ್ಪು. ಬೇರೆ ಔಷಧಕ್ಕಿಂತ ಲಸಿಕೆಯಲ್ಲಿ ಈ ತಪ್ಪು ದೊಡ್ಡದು. ತಲೆನೋವಿನ ಮಾತ್ರೆ ನುಂಗಿದವನಿಗೆ ಅದು ಕೆಲಸ ಮಾಡಿತೋ ಇಲ್ಲವೋ ಗಂಟೆಯೊಳಗೆ ಗೊತ್ತಾಗುತ್ತದೆ. ಲಸಿಕೆ ಹಾಕಿಸಿಕೊಂಡವನಿಗೆ ರೋಗ ಬರಲಿಲ್ಲ ಅನ್ನಿ. ಅದು ಲಸಿಕೆಯಿಂದಲೋ, ಹೇಗೂ ಬರುತ್ತಿರಲಿಲ್ಲವೋ ಎಂದು ಅವನಿಗೆ ಎಂದೂ ತಿಳಿಯುವುದಿಲ್ಲ. ಕೊಂಡವನು ಸ್ವತಃ ಪರೀಕ್ಷಿಸಲಾಗದ ಸರಕು ಇದು. ಅವನಿಗೆ ಆಧಾರವಾಗಿರುವುದು ಮಾರುವವನ ಮಾತು ಮಾತ್ರ.

ಸರ್ಪಸುತ್ತನ್ನೇ ತೆಗೆದುಕೊಳ್ಳೋಣ. ಚಿಕ್ಕಂದಿನಲ್ಲಿ ‘ಅಮ್ಮ’ ಆಗಿ ವಾಸಿಯಾದರೂ ಚಿಕನ್‌ಪಾಕ್ಸ್ ವೈರಸ್ ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದಾಗ, ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ನರದ ಗುಂಟ ಚರ್ಮಕ್ಕೆ ಇಳಿದು ಗುಳ್ಳೆ ಎಬ್ಬಿಸುತ್ತದೆ. ಬೆಂಕಿ ತಾಗಿದಂಥ ನೋವು. ಕೆಲವರಿಗೆ ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ನರದ ಉರಿ. ಸಣ್ಣ ಕಾಯಿಲೆಯೇನಲ್ಲ. ಇದರ ಬಗ್ಗೆ ನಮ್ಮಲ್ಲಿ ಜಾಹೀರಾತಿಗಿಂತ ಹಳೆಯ ಭಯವೊಂದಿದೆ: ಹಾವಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬುದು. ಆದರೆ ಒಂದು ನರ ಮೈಯ ಒಂದೇ ಪಕ್ಕಕ್ಕೆ ಹರಡಿರುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಮೈಯ ನಡುಗೆರೆಯನ್ನು ದಾಟುವುದಿಲ್ಲ. ಸುತ್ತು ಪೂರ್ತಿಯಾಗುವ ಪ್ರಶ್ನೆಯೇ ಸಾಮಾನ್ಯವಾಗಿ ಬರದು. ಜನಜಾಗೃತಿ ಎಂದು ಹೆಸರಿಟ್ಟುಕೊಂಡ ಜಾಹೀರಾತು ಮೊದಲು ಬಿಡಿಸಬೇಕಾದದ್ದು ಈ ಭಯವನ್ನು.

ಪೋಸ್ಟರುಗಳಲ್ಲಿ ಕಾಣುವುದು ಬೇರೆ ಸಾಲು: 50 ದಾಟಿದ ಶೇ. 90ಕ್ಕೂ ಹೆಚ್ಚು ಜನರ ಮೈಯಲ್ಲಿ ಈ ವೈರಸ್ ಈಗಾಗಲೇ ಇದೆ. ಮಾತು ಸುಳ್ಳಲ್ಲ. ಆದರೆ ವೈರಸ್ ಇರುವುದು ಬೇರೆ, ರೋಗ ಬರುವುದು ಬೇರೆ. ಅಮೆರಿಕದ ಅಂದಾಜಿನಂತೆ ಇಡೀ ಜೀವಮಾನದಲ್ಲಿ ಸರ್ಪಸುತ್ತು ಆಗುವುದು ಮೂವರಲ್ಲಿ ಒಬ್ಬರಿಗೆ. ಓದುವವರ ತಲೆಯಲ್ಲಿ ಉಳಿಯುವುದು 90. ಒಂದು ನಿಜವನ್ನು ಇನ್ನೊಂದು ನಿಜದ ಜಾಗದಲ್ಲಿ ಕೂರಿಸಿ ಹೆದರಿಸುವುದೂ ಸುಳ್ಳಿನ ಕೆಲಸವನ್ನೇ ಮಾಡುತ್ತದೆ.

ಇನ್ನು “ಶೇ. 97 ರಕ್ಷಣೆ” ಎಂಬ ಮಾತು. ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್ ಲಸಿಕೆಯ ಮುಖ್ಯ ಪ್ರಯೋಗ 18 ದೇಶಗಳಲ್ಲಿ ನಡೆಯಿತು. ಭಾರತ ಅವುಗಳಲ್ಲಿ ಇರಲಿಲ್ಲ. 50 ದಾಟಿದವರನ್ನು ಸರಾಸರಿ 3.2 ವರ್ಷ ಗಮನಿಸಿದರು. ಲಸಿಕೆ ಪಡೆದ 7,344 ಜನರಲ್ಲಿ 6 ಮಂದಿಗೆ, ಪಡೆಯದ 7,415 ಜನರಲ್ಲಿ 210 ಮಂದಿಗೆ ಸರ್ಪಸುತ್ತು ಆಯಿತು. ಶೇ. 97.2 ಬಂದದ್ದು ಇಲ್ಲಿಂದ, ಮತ್ತು ಅದು ನಿಜವಾಗಿಯೂ ಅಪರೂಪದ ಸಾಧನೆ. ಆದರೆ ಇದೇ ಅಂಕಿಗಳನ್ನು ಇನ್ನೊಂದು ರೀತಿಯಲ್ಲೂ ಓದಬೇಕು. ಲಸಿಕೆ ಇಲ್ಲದ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 9 ಮಂದಿಗೆ ರೋಗ. ಉಳಿದ 991 ಮಂದಿಗೆ ಆ ವರ್ಷ ಏನೂ ಇಲ್ಲ. ಪ್ರಯೋಗದ ಅವಧಿಯಲ್ಲಿ ಒಬ್ಬರಿಗೆ ಸರ್ಪಸುತ್ತು ತಪ್ಪಿಸಲು ಸುಮಾರು 36 ಜನರಿಗೆ ಲಸಿಕೆ ಕೊಡಬೇಕಾಯಿತು. ನಮ್ಮಲ್ಲಿ ಎರಡು ಡೋಸಿಗೆ ಇಪ್ಪತ್ತು ಸಾವಿರದ ಆಸುಪಾಸು ಎಂದಿಟ್ಟುಕೊಂಡರೆ, ಒಬ್ಬರಿಗೆ ತಪ್ಪಿಸಲು ಆ ಮೂರು ವರ್ಷಕ್ಕೆ ಸುಮಾರು 7.2 ಲಕ್ಷ ರೂಪಾಯಿ. ರಕ್ಷಣೆ ಹತ್ತು ವರ್ಷ ದಾಟಿಯೂ ಬಹುಮಟ್ಟಿಗೆ ಉಳಿಯುತ್ತದೆಂದು ಆಮೇಲಿನ ಅಧ್ಯಯನ ತೋರಿಸಿರುವುದರಿಂದ, ಕಾಲ ಕಳೆದಂತೆ ಈ ಲೆಕ್ಕ ಲಸಿಕೆಯ ಪರವಾಗಿಯೇ ವಾಲುತ್ತದೆ. ಅದನ್ನೂ ಹೇಳಬೇಕು.

ಹೇಳಬೇಕಾದ ಇನ್ನೊಂದು: ಅದೇ ಪ್ರಯೋಗದಲ್ಲಿ, ದಿನನಿತ್ಯದ ಕೆಲಸ ಮಾಡಲಾಗದಷ್ಟು ಕೈನೋವು, ಜ್ವರ, ಮೈಕೈನೋವು, ಸುಸ್ತು ಬಂದವರು ಲಸಿಕೆ ಪಡೆದವರಲ್ಲಿ ಶೇ. 17, ಬರೀ ಉಪ್ಪುನೀರಿನ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ. 3.2. ಒಂದೆರಡು ದಿನದಲ್ಲಿ ಇಳಿಯುವ ತೊಂದರೆಯೇ. ಆದರೆ ಒಬ್ಬರೇ ಇರುವ ಎಪ್ಪತ್ತೈದರ ಅಜ್ಜಿಗೆ ಇದನ್ನು ಮೊದಲೇ ತಿಳಿಸದಿದ್ದರೆ ಏನಾಗುತ್ತದೆ? ರಾತ್ರಿ ಚಳಿಜ್ವರ ಬಂದಾಗ ಲಸಿಕೆಯಿಂದ ಏನೋ ಆಗಿಹೋಯಿತು ಎಂದು ಗಾಬರಿ. ಎರಡನೇ ಡೋಸಿಗೆ ಹೋಗುವುದಿಲ್ಲ. ಮೊದಲ ಡೋಸಿನ ದುಡ್ಡೂ ನೀರುಪಾಲು, ಅಕ್ಕಪಕ್ಕದವರಿಗೂ ಹೆದರಿಕೆ. “ಎರಡು ದಿನ ಯಾರಾದರೂ ಜೊತೆಗಿರಲಿ, ಬೇಕಾದರೆ ಪ್ಯಾರಸಿಟಮಾಲ್ ತೆಗೆದುಕೊಳ್ಳಿ” ಎಂಬ ಒಂದು ಸಾಲು ಇದನ್ನೆಲ್ಲ ತಪ್ಪಿಸುತ್ತಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುವ ಮೌನ ಬೇರೆಯದು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರೋಧಿ ಮಾತ್ರೆ ಶುರುಮಾಡಿದರೆ ರೋಗದ ತೀವ್ರತೆಯೂ ಅವಧಿಯೂ ತಗ್ಗುತ್ತವೆ. ಎಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ ಐದು ಬಾರಿ, ಇಲ್ಲವೇ ವಾಲಾಸೈಕ್ಲೋವಿರ್ 1 ಗ್ರಾಂ ದಿನಕ್ಕೆ ಮೂರು ಬಾರಿ, ಏಳು ದಿನ. ಇದು ದೊಡ್ಡವರಿಗೆ ಸಾಮಾನ್ಯವಾಗಿ ಬರೆಯುವ ಪ್ರಮಾಣ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಡಾಕ್ಟರು ಇಳಿಸುತ್ತಾರೆ. ಕೆಮ್ಮಣ್ಣು ಬಳಿದು, ಮಂತ್ರ ಹಾಕಿಸಿ ನಾಲ್ಕನೇ ದಿನ ಆಸ್ಪತ್ರೆಗೆ ಬರುವವರು ಕಳೆದುಕೊಳ್ಳುವುದು ಈ 72 ಗಂಟೆಯನ್ನು. ಜನರಿಗಾಗಿ ಎಂದು ಹೇಳುವ ಜಾಹೀರಾತು ಈ ಮಾತನ್ನು ಬಿಟ್ಟಿದ್ದರೆ, ಅದು ಯಾರಿಗಾಗಿ ಎಂಬುದು ಸ್ಪಷ್ಟ.

“ಲಸಿಕೆಯ ಹೆಸರೇ ಹೇಳಿಲ್ಲವಲ್ಲ, ರೋಗದ ಬಗ್ಗೆ ಮಾತ್ರ ತಾನೇ ಹೇಳಿದ್ದು?” ಎಂದು ಕೆಲವರು ವಾದಿಸುತ್ತಾರೆ. ನಮ್ಮ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಕ್ಯಾನ್ಸರ್ ಸೇರಿ 54 ಕಾಯಿಲೆಗಳಿವೆ. ಅವುಗಳನ್ನು ಗುಣಪಡಿಸುತ್ತೇವೆ ಎಂದಷ್ಟೇ ಅಲ್ಲ, ತಡೆಯುತ್ತೇವೆ ಎಂದೂ ಔಷಧದ ಜಾಹೀರಾತು ಕೊಡುವಂತಿಲ್ಲ. ಇಂಥ ನಿಯಮಗಳಿರುವುದರಿಂದ ಕಂಪನಿಗಳು ಔಷಧದ ಬದಲು ರೋಗವನ್ನು ತೋರಿಸಿ, “ನಿಮ್ಮ ವೈದ್ಯರನ್ನು ಕೇಳಿ” ಎಂದು ಮುಗಿಸುತ್ತವೆ. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ‘ಸಾರ್ವಜನಿಕ ಹಿತಾಸಕ್ತಿಗಾಗಿ’ ಎಂದು ಕಂಪನಿಯ ಹೆಸರು. ಒಂದು ರೋಗಕ್ಕೆ ಮಾರುಕಟ್ಟೆಯಲ್ಲಿ ಒಂದೇ ಲಸಿಕೆ ಇದ್ದಾಗ ರೋಗದ ಹೆಸರೇ ಬ್ರ್ಯಾಂಡಿನ ಹೆಸರು. ಆ ಸಣ್ಣ ಅಕ್ಷರವನ್ನು ದೊಡ್ಡದು ಮಾಡಿ, ದನಿಯಲ್ಲೂ ಹೇಳಿಸಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಇನ್ನು “ವೈದ್ಯರನ್ನು ಕೇಳಿ” ಎಂಬ ಸಲಹೆ. ಬೇರೆ ಔಷಧವನ್ನು ಡಾಕ್ಟರು ಬರೆಯುತ್ತಾರೆ, ಮೆಡಿಕಲ್ ಶಾಪಿನವರು ಮಾರುತ್ತಾರೆ. ಲಸಿಕೆಯನ್ನು ಎಷ್ಟೋ ಕ್ಲಿನಿಕ್‌ಗಳಲ್ಲಿ ಸಲಹೆ ಕೊಟ್ಟವರೇ ಕೊಂಡು ತಂದು ಫ್ರಿಜ್‌ನಲ್ಲಿಟ್ಟು, ಎಂಆರ್‌ಪಿಗೆ ಮಾರಿ, ಚುಚ್ಚುತ್ತಾರೆ. ಕೊಂಡ ಬೆಲೆಗೂ ಎಂಆರ್‌ಪಿಗೂ ನಡುವಿನ ಅಂತರ ಕ್ಲಿನಿಕ್ಕಿನದು. ಎಕ್ಸ್‌ಪೈರಿ ಹತ್ತಿರವಾದ ಸ್ಟಾಕಿನ ನಷ್ಟವೂ ಅವರದೇ. ಬಹುಪಾಲು ಡಾಕ್ಟರು ಪ್ರಾಮಾಣಿಕರೇ. ಆದರೂ ಸಲಹೆಯೂ ಮಾರಾಟವೂ ಒಂದೇ ಕೈಯಲ್ಲಿರುವಾಗ ಬೆಲೆಪಟ್ಟಿ ಗೋಡೆಯ ಮೇಲಿರಬೇಕು, ಅದರ ಪಕ್ಕದಲ್ಲೇ ಯಾವುದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆಂಬ ಪಟ್ಟಿಯೂ ಇರಬೇಕು.

ಆ ಎರಡನೇ ಪಟ್ಟಿ ಇಲ್ಲದ ಕಡೆಗಳಲ್ಲೇ “ನೋವಿಲ್ಲದ ಇಂಜೆಕ್ಷನ್” ಚೆನ್ನಾಗಿ ಮಾರಾಟವಾಗುವುದು. ಆರು, ಹತ್ತು, ಹದಿನಾಲ್ಕು ವಾರಕ್ಕೆ ಕೂಸಿಗೆ ಕೊಡುವ ಲಸಿಕೆಯಲ್ಲಿ ನಾಯಿಕೆಮ್ಮಿನ ಭಾಗ ಎರಡು ಬಗೆಯದು. ಐದು ರೋಗಗಳಿಗೆ ಒಂದೇ ಸೂಜಿಯಾದ ಸರ್ಕಾರಿ ಪೆಂಟಾವ್ಯಾಲೆಂಟ್‌ನಲ್ಲಿರುವುದು ಸತ್ತ ಬ್ಯಾಕ್ಟೀರಿಯಾ ಇಡಿಯಾಗಿ; ಖಾಸಗಿಯ ದುಬಾರಿ ಲಸಿಕೆಯಲ್ಲಿ ಅದರಿಂದ ಬೇರ್ಪಡಿಸಿದ ಕೆಲವು ಪ್ರೋಟೀನುಗಳು ಮಾತ್ರ. ಮೊದಲನೆಯದಕ್ಕೆ ಜ್ವರ, ತೊಡೆಯ ಊತ ಹೆಚ್ಚು. ಎರಡನೆಯದಕ್ಕೆ ಕಡಿಮೆ, ಆದರೆ ಸೂಜಿ ಚುಚ್ಚಿದಾಗ ಕೂಸು ಅಳುವುದು ಎರಡಕ್ಕೂ ಒಂದೇ. ‘ನೋವಿಲ್ಲದ’ ಎಂಬ ಹೆಸರು ಹೇಳದೆ ಬಿಡುವುದು ರಕ್ಷಣೆಯ ಆಯಸ್ಸನ್ನು: ಎರಡನೆಯದರ ರಕ್ಷಣೆ ಬೇಗ ಕುಗ್ಗುತ್ತದೆ. ಅಮೆರಿಕ 1990ರ ದಶಕದಲ್ಲಿ ಎರಡನೇ ಬಗೆಗೆ ಬದಲಾಯಿತು. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 9,000ಕ್ಕೂ ಹೆಚ್ಚು ನಾಯಿಕೆಮ್ಮಿನ ಪ್ರಕರಣ, 10 ಕೂಸುಗಳ ಸಾವು. ಅಲ್ಲಿನ ಮಕ್ಕಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದನೇ ಡೋಸಿನ ನಂತರ ವರ್ಷ ಕಳೆದಂತೆಲ್ಲ ರೋಗ ಬರುವ ಸಂಭವ ವರ್ಷಕ್ಕೆ ಸರಾಸರಿ ಶೇ. 42ರಷ್ಟು ಏರಿದ್ದು ಕಂಡುಬಂತು. ದುಬಾರಿಯದು ಕೆಟ್ಟ ಲಸಿಕೆಯಲ್ಲ; ಹಿಂದಿನ ಡೋಸಿಗೆ ತೀವ್ರ ತೊಂದರೆಯಾದ ಮಗುವಿಗೆ ಅದೇ ಬೇಕಾಗಬಹುದು. ಆದರೆ ಅದಕ್ಕಾಗಿ ಸಾವಿರಾರು ರೂಪಾಯಿ ಸಾಲ ಮಾಡುವ, ಪುಕ್ಕಟೆಯದು ಬಡವರದು ಎಂದು ಅಳುಕುವ ತಾಯಂದಿರಿಗೆ ತಾಯಿ ಕಾರ್ಡಿನಲ್ಲಿರುವ ಲಸಿಕೆ ರಕ್ಷಣೆಯಲ್ಲಿ ಕೀಳಲ್ಲ ಎಂದು ಹೇಳುವವರು ಬೇಕು. ‘ನೋವಿಲ್ಲದ’ ಎಂಬ ಒಂದು ಪದ, ಆಶಾ ಕಾರ್ಯಕರ್ತೆ ಮನೆ ಮನೆ ಅಲೆದು ಗಳಿಸಿದ ನಂಬಿಕೆಯಿಂದ ಕಡ ತಂದದ್ದು. ಅದನ್ನು ತೀರಿಸುವವರಿಲ್ಲ.

ನಂಬಿಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಖಮ್ಮಂ ಉದಾಹರಣೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಹುಡುಗಿಯರಿಗೆ ಕೊಟ್ಟು ನೋಡುವ ಪ್ರದರ್ಶನ ಯೋಜನೆ ನಡೆಯಿತು. ಅಮೆರಿಕ ಮೂಲದ ಪಾತ್ ಸಂಸ್ಥೆ ರಾಜ್ಯ ಸರ್ಕಾರಗಳ ಜೊತೆ ನಡೆಸಿದ ಈ ಯೋಜನೆಗೆ ಕಂಪನಿಗಳು ಲಸಿಕೆ ಒದಗಿಸಿದವು. 10ರಿಂದ 14 ವರ್ಷದ ಸಾವಿರಾರು ಹುಡುಗಿಯರು. ಹಲವರು ಆದಿವಾಸಿ ಹಾಸ್ಟೆಲುಗಳಲ್ಲಿ ಇದ್ದವರು. ಸಂಸದೀಯ ಸಮಿತಿಯ 2013ರ ವರದಿಯ ಪ್ರಕಾರ ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದು ತಂದೆತಾಯಿಯಲ್ಲ, ಹಾಸ್ಟೆಲ್ ವಾರ್ಡನ್‌ಗಳು. ಏಳು ಹುಡುಗಿಯರ ಸಾವಿನ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವೆನ್ನಲು ವಿಚಾರಣೆಯಲ್ಲಿ ಆಧಾರ ಸಿಗಲಿಲ್ಲ. ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು ಮುಂತಾದವು ಅವುಗಳಲ್ಲಿದ್ದವು. ಆದರೆ ಸಹಿ ಸರಿಯಿಲ್ಲದಿದ್ದಾಗ ಆ ಉತ್ತರವನ್ನು ನಂಬುವವರು ಯಾರು? 2022ರ ಅಂದಾಜಿನಂತೆ ಭಾರತದಲ್ಲಿ ಗರ್ಭಕಂಠದ ಕ್ಯಾನ್ಸರ್ ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಬರುತ್ತದೆ, 80 ಸಾವಿರದಷ್ಟು ಮಂದಿ ಸಾಯುತ್ತಾರೆ. 2024ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ, 12-13ರ ವಯಸ್ಸಿನಲ್ಲಿ ಲಸಿಕೆ ಪಡೆದವರಲ್ಲಿ ಹರಡುವ ಹಂತದ ಗರ್ಭಕಂಠದ ಕ್ಯಾನ್ಸರ್ ಒಂದೂ ಕಂಡುಬರಲಿಲ್ಲ. ಅಂಥ ಲಸಿಕೆಯ ಮೇಲೆ ನಮ್ಮಲ್ಲಿ ವರ್ಷಗಟ್ಟಲೆ ಕಪ್ಪು ನೆರಳು ಬಿತ್ತು.

“ಹೇಗೋ ಹಾಕಿಸಿಕೊಂಡರೆ ಸಾಕಲ್ವಾ” ಎನ್ನುವವರಿಗೆ ನನ್ನ ಉತ್ತರ ಇದೇ. 2024ರ ಫೆಬ್ರವರಿಯಲ್ಲಿ ಮುಂಬೈನ ನಟಿಯೊಬ್ಬರು ಈ ಕ್ಯಾನ್ಸರಿನಿಂದ ಸತ್ತರೆಂದು ಸುದ್ದಿ ಹಬ್ಬಿಸಿ, ಮಾರನೇ ದಿನ ಜಾಗೃತಿಗಾಗಿ ಹಾಗೆ ಮಾಡಿದ್ದೆಂದು ಹೇಳಿದರಲ್ಲ, ಅದಕ್ಕೂ ಇದೇ ಉತ್ತರ. ಆ ಎರಡು ದಿನ ಎಲ್ಲರೂ ಕ್ಯಾನ್ಸರಿನ ಹೆಸರು ಹುಡುಕಿದ್ದು ನಿಜ. ಆ ಕಾಯಿಲೆಯಲ್ಲಿ ತಾಯಿಯನ್ನು ಕಳೆದುಕೊಂಡ ಮನೆಗಳಲ್ಲಿ ಆ ಸುದ್ದಿಯನ್ನು ಹೇಗೆ ಓದಿರಬಹುದೆಂದು ಯೋಚಿಸಿದರೆ ಸಂಕಟವಾಗುತ್ತದೆ.

2024ರ ಮಾರ್ಚ್ 12ರಂದು ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಮಾರಾಟ ಸಂಹಿತೆ ವೈದ್ಯರಿಗೆ ಉಡುಗೊರೆ ಕೊಡಕೂಡದು ಎನ್ನುತ್ತದೆ. ಬರೀ ‘ಸುರಕ್ಷಿತ’ ಎಂದು ಬರೆಯುವಂತಿಲ್ಲ, ಅಡ್ಡಪರಿಣಾಮವೇ ಇಲ್ಲ ಎನ್ನುವಂತಿಲ್ಲ. ಒಳ್ಳೆಯ ನಿಯಮಗಳು. ಅದೇ ಅಳತೆಗೋಲನ್ನು ಮನೆಯ ಟಿವಿಗೂ ಅಪಾರ್ಟ್‌ಮೆಂಟಿನ ಲಸಿಕಾ ಶಿಬಿರಕ್ಕೂ ಹಿಡಿಯಬೇಕು. ಶಿಬಿರದವರನ್ನು ನೀವೇ ಕೇಳಬಹುದು: ದುಡ್ಡು ಯಾರದು, ನನ್ನ ವಯಸ್ಸಿನವರಲ್ಲಿ ಸಾವಿರಕ್ಕೆ ಎಷ್ಟು ಮಂದಿಗೆ ಈ ರೋಗ ಬರುತ್ತದೆ, ಲಸಿಕೆ ತಂದ ಡಬ್ಬಿಯ ಉಷ್ಣತೆ 2ರಿಂದ 8 ಡಿಗ್ರಿಯ ನಡುವೆ ಇದೆಯೇ, ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸುತ್ತೀರಾ, ಅಲರ್ಜಿಯಾದರೆ ಅಡ್ರಿನಲಿನ್ ಇದೆಯೇ, ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಲಿ? ಬ್ಯಾಚ್ ನಂಬರನ್ನು ಬರೆಸಿಕೊಳ್ಳಿ. ಮುಜುಗರ ಬೇಡ, ಸರಿಯಾಗಿ ನಡೆಸುವವರಿಗೆ ಈ ಪ್ರಶ್ನೆ ಹೊಸದಲ್ಲ.

ಸತ್ಯ ಹೇಳಿದರೆ ಲಸಿಕೆ ಖರ್ಚಾಗುವುದಿಲ್ಲ ಎಂದು ಮಾರಾಟದವರು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಸರ್ಪಸುತ್ತಿಗೆ ನಾನು ಬಯಸುವ ಜಾಹೀರಾತು ಇದು:

“ಸರ್ಪಸುತ್ತು ಹಾವಲ್ಲ, ಶಾಪವಲ್ಲ, ಹಳೆಯ ಚಿಕನ್‌ಪಾಕ್ಸ್ ವೈರಸ್. ಮೈಯ ಒಂದು ಪಕ್ಕದಲ್ಲಿ ಉರಿಯುವ ಗುಳ್ಳೆ ಎದ್ದರೆ ಮೂರು ದಿನದೊಳಗೆ ಡಾಕ್ಟರ ಬಳಿ ಹೋಗಿ, ಮಾತ್ರೆ ಇದೆ. ತಡೆಯಲು ಲಸಿಕೆಯೂ ಇದೆ. ವಿದೇಶದ ಪ್ರಯೋಗದಲ್ಲಿ 50 ದಾಟಿದ ಸಾವಿರ ಜನರಲ್ಲಿ ವರ್ಷಕ್ಕೆ ಒಂಬತ್ತು ಮಂದಿಗೆ ಬರುತ್ತಿದ್ದ ರೋಗ ಒಬ್ಬರಿಗಿಂತಲೂ ಕಡಿಮೆಗೆ ಇಳಿಯಿತು. ಎರಡು ಡೋಸು, ಎರಡರಿಂದ ಆರು ತಿಂಗಳ ಅಂತರ. ಬೆಲೆ ಇಷ್ಟು. ಆರರಲ್ಲಿ ಒಬ್ಬರಿಗೆ ಒಂದೆರಡು ದಿನ ಕೆಲಸ ಮಾಡಲಾಗದಷ್ಟು ನೋವು, ಜ್ವರ ಬರಬಹುದು. ಅವಸರವಿಲ್ಲ, ಯೋಚಿಸಿ. ಇದನ್ನು ಹೇಳುತ್ತಿರುವವರು ಲಸಿಕೆ ತಯಾರಿಸುವ ಕಂಪನಿ.”

ಗಟ್ಟಿಯಾಗಿ ಓದಿ ನೋಡಿ, ಒಂದು ನಿಮಿಷದೊಳಗೆ ಮುಗಿಯುತ್ತದೆ.